ಜತನ ಕಲಿತ ಪ್ರಶ್ನೆ

“ದಾನವ್ವಾ, ಇನ್ನರ್ಧ ತಾಸಿನ್ಯಾಗ ಸಕ್ಕರಿ ಇನ್ನೂರಾ ನಲವತ್ತು ದಾಟತೈತಿ. ಏನರ ಉಂಡ್ರೇನು?”

ಮಗ್ಗದ ಕುಣಿಯಲ್ಲಿ ಕೂತಿದ್ದ ದಾನಮ್ಮ ಲಾಳಿ ನಿಲ್ಲಿಸದೆಯೇ ಮೊಬೈಲಿಗೆ ಹೇಳಿದಳು: “ಇವತ್ತ ಸ್ವಾಮಾರ. ಸಂಜೀತನಕ ಉಪವಾಸ.”

ಅದು ೨೦೫೮ರ ಗುಳೇದಗುಡ್ಡ. ಕೇಳುತ್ತಿದ್ದದ್ದು ‘ಜತನ’ ಎಂಬ ಆ್ಯಪ್. ತೋಳಿಗಂಟಿದ ಹುಣಸೆಬೀಜದಷ್ಟು ಬಿಲ್ಲೆ ಚರ್ಮದಡಿಯ ಸಕ್ಕರೆಯನ್ನು ಅಳೆದರೆ, ಜತನ ಅದಕ್ಕೆ ಊಟ, ನಡಿಗೆ, ನಿದ್ದೆಗಳನ್ನು ಸೇರಿಸಿ ಮುಂದಾಗುವುದನ್ನು ಮೊದಲೇ ಹೇಳುತ್ತಿತ್ತು. ಇನ್ಸುಲಿನ್ ಇದ್ದೂ ಮೈ ಅದರ ಮಾತು ಕೇಳದ ಟೈಪ್ ಟು ಸಕ್ಕರೆ ಕಾಯಿಲೆ ದಾನಮ್ಮನದು. ಬಲಗಾಲ ಹೆಬ್ಬೆರಳಿನ ಹುಣ್ಣು ಮಾಯದಿದ್ದರೆ ಬೆರಳು ತೆಗೆಯಬೇಕೆಂದು ವೈದ್ಯರು ಹೇಳಿದ್ದರು. ಮಗ್ಗ ತುಳಿಯುವ ಕಾಲು ಅದು. ನಲವತ್ತು ವರ್ಷ ರವಿಕೆಯ ಖಣ ನೇಯ್ದ ಕಾಲು.

ಸೋಮವಾರಗಳಂದು ಉಪವಾಸವಿದ್ದ ದಾನಮ್ಮನ ಸಕ್ಕರೆ ಏರುವುದು ಜತನಕ್ಕೆ ಒಗಟಾಯಿತು. ಬಿಲ್ಲೆಯೇ ಕೆಟ್ಟಿರಬೇಕೆಂದು ಜತನವನ್ನು ರೂಪಿಸಿದ ವಿಜ್ಞಾನಿ ನಂದಿತಾ ಮುಂದಿನ ಸೋಮವಾರ ತಾನೇ ಬಂದಳು. ದಾನಮ್ಮ ಪೂಜೆ ಮುಗಿಸಿ, ಎಡೆ ಹಿಡಿದ ಗೋದಿ-ಬೆಲ್ಲದ ಮಾದಲಿಯನ್ನು ಅವಳ ಕೈಗಿಟ್ಟು, ತಾನೂ ಬೊಗಸೆ ತುಂಬ ತೆಗೆದುಕೊಂಡಳು. ಮೇಲೊಂದು ಬಾಳೆಹಣ್ಣು. ಜತನ ಮತ್ತದೇ ಪ್ರಶ್ನೆ ಕೇಳಿತು. “ಉಪವಾಸ” ಎಂದಳು ದಾನಮ್ಮ.

“ಯವ್ವಾ, ಈಗ ಮಾದಲಿ ತಿಂದ್ರಲ್ಲ?”

“ಅದು ಪ್ರಸಾದ, ತಂಗಿ. ಶಿವ ಕೊಟ್ಟದ್ದನ್ನ ಊಟ ಅಂತ ಹ್ಯಾಂಗ ಹೇಳ್ಲಿ? ಇಷ್ಟ್ ಓದೀದಿ, ಇದು ಗೊತ್ತಿಲ್ಲೇನು?”

ನಂದಿತಾ ನಕ್ಕಳು. ಬೆಲ್ಲ, ಗೋದಿ, ಎರಡೂ ನೆತ್ತರಿಗೆ ಹೋಗಿ ಸಕ್ಕರೆಯಾಗುವುದನ್ನು ತಿಳಿಸಿದಳು. ದಾನಮ್ಮ ಬೆರಳಿನ ಪಟ್ಟಿಯನ್ನೇ ನೋಡುತ್ತ ಕೂತಳು.

“ಬೆರಳು ಹೋದ್ರೂ ಪ್ರಸಾದ ಬಿಡಂಗಿಲ್ಲ ನಾ.”

“ಬಿಡಬ್ಯಾಡ್ರಿ.”

“ಹಂಗಾರ ನಿನ್ನ ಜತನಕ್ಕ ಕೇಳಾಕ ಕಲಿಸು. ‘ಶಿವ ಇವತ್ತೆಷ್ಟು ಕೊಟ್ಟ’ ಅಂತ ಕೇಳ್ಲಿ. ಅವನ ಹೆಸರ ಮ್ಯಾಲೆ ಸುಳ್ಳಾಡಂಗಿಲ್ಲ. ಚಿಟಿಕಿ ಕೊಟ್ರೂ ಪ್ರಸಾದನ, ಬೊಗಸಿ ಕೊಟ್ರೂ ಪ್ರಸಾದನ.”

ನಂದಿತಾ ಜತನಕ್ಕೆ ಆ ಪ್ರಶ್ನೆ ಕಲಿಸಿದಳು. ಅಂದಿನಿಂದ ಚಿಟಿಕೆಯೇ ಸಾಕಾಯಿತು. ಸಕ್ಕರೆ ಹತೋಟಿಗೆ ಬಂದು ನಾಲ್ಕು ತಿಂಗಳಿಗೆ ಹುಣ್ಣು ಮಾಯಿತು, ಬೆರಳು ಉಳಿಯಿತು. ಆ ಪ್ರಶ್ನೆ ನಾಡಿನ ಮನೆಮನೆಗೂ ಹೋಯಿತು. ಒಂದೊಂದು ಮನೆಯಲ್ಲಿ ಜತನ ಅದನ್ನು ಅವರವರ ದೇವರ ಹೆಸರಿನಲ್ಲಿ ಕೇಳಿತು. ಓಣಿಯವರ ಮುಂದೆ ದಾನಮ್ಮನದು ಒಂದೇ ಮಾತು: “ದೊಡ್ಡ ದೊಡ್ಡವರು ಕಟ್ಟಿದ ಮಷೀನು. ಮಾತಾಡಾಕ ಕಲಿಸಿದಾಕಿ ನಾನು.”

ಇದು ಮುಂದೆಂದೋ ನಡೆಯುವ ಕತೆ. ಆದರೆ ಇವತ್ತೂ, ಈ ಹೊತ್ತಿಗೂ, ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಬಾಯಲ್ಲಿ ಪಂಚಾಮೃತದ ಸಿಹಿ ಆರದ ಅಜ್ಜಿಯೊಬ್ಬಳು “ಏನೂ ತಿಂದಿಲ್ರೀ” ಎನ್ನುತ್ತಿದ್ದಾಳೆ. ಅವಳು ಸುಳ್ಳು ಹೇಳುತ್ತಿಲ್ಲ. ಪಕ್ಕದಲ್ಲಿ ಕೂತವರು ಇನ್ನೊಂದು ಮಾತು ಕೇಳಬೇಕು, ಅಷ್ಟೆ.