ಮೊಳೆಯ ಮೇಲಿಲ್ಲದ ಚಮಚ

ಮೊಳೆ ಇತ್ತು. ಚಮಚ ಇರಲಿಲ್ಲ.

ಕಾಫಿ ಅಂಗಡಿಯ ಯಜಮಾನರು ಗೋಡೆಯತ್ತ ಚಾಚಿದ ಕೈಯನ್ನು ಹಾಗೆಯೇ ಹಿಡಿದು ನಿಂತರು. ಆಮೇಲೆ ನಿಧಾನವಾಗಿ ಇತ್ತ ತಿರುಗಿದರು.

“ಚಮಚ ಎಲ್ಲಿ?”

ಹಿಂದುಗಡೆ ಬೀಜ ಹುರಿಯುವ ಯಂತ್ರದ ಡ್ರಮ್ಮು ಗರಗರ ಸುತ್ತುತ್ತಿತ್ತು.

“ನನ್ನ ಹೆಂಡತಿ ಚಮಚ ಅದು. ಬೆಳ್ಳೀದು. ನೀವೆಲ್ಲ ಒಳಗೆ ಬಂದಾಗ ಇದೇ ಮೊಳೇಲಿ ನೇತಾಡ್ತಿತ್ತು. ಈಗ ಎಲ್ಲಿ ಹೋಯ್ತು?”

ಅವರು ನೇರ ಹೋಗಿ ಬಾಗಿಲಿಗೆ ಚಿಲಕ ಹಾಕಿದರು.

“ಸಿಗೋ ತನಕ ಯಾರೂ ಹೊರಗೆ ಹೋಗೋ ಹಾಗಿಲ್ಲ.”

ಒಳಗಿದ್ದವರು ಅವರನ್ನು ಬಿಟ್ಟು ಆರು ಜನ. ದೊಡ್ಡ ಊರಿನಲ್ಲಿ ನೋಡಬೇಕಾದ್ದು, ತಿನ್ನಬೇಕಾದ್ದು, ಕುಡಿಯಬೇಕಾದ್ದು ಎಲ್ಲವನ್ನೂ ಒಂದೇ ಟಿಕೆಟ್ಟಿನಲ್ಲಿ ಮುಗಿಸಿಕೊಡುವ ನಡಿಗೆ ಪ್ರವಾಸಕ್ಕೆ ಬಂದವರು. ಬೆಳಿಗ್ಗೆ ವಸ್ತುಸಂಗ್ರಹಾಲಯ, ಆಮೇಲೆ ನದಿಯಲ್ಲಿ ದೋಣಿ, ಹಳೇ ಬೇಕರಿಯಲ್ಲಿ ಬಿಸಿ ಬ್ರೆಡ್ಡು, ಮೂಲೆ ಹೋಟೆಲಿನಲ್ಲಿ ಸೂಪು, ಈಗ ಕಾಫಿ ಮತ್ತು ಇವತ್ತೇ ಹೊಸದಾಗಿ ಸೇರಿಸಿದ, ಯಜಮಾನರು ಕಣ್ಣು ಕಟ್ಟಿಕೊಂಡು ರುಚಿ ಗುರುತಿಸುವ ಆಟ, ಕೊನೆಗೆ ಐಸ್‌ಕ್ರೀಂ. ಮುಂದೆ ಹಳದಿ ಬಾವುಟ ಹಿಡಿದು ನಡೆಸುತ್ತಿದ್ದವಳು ಪ್ರವಾಸ ಕಂಪನಿಯ ಹುಡುಗಿ. ಹುಡುಗಿ ಎನ್ನುವುದು ರೂಢಿಗೆ, ಮೂವತ್ತು ದಾಟಿತ್ತು. ಕಾಫಿ ಅಂಗಡಿಯ ತಾತ ಚಮಚವನ್ನು ಬಿಸಿನೀರಿನಲ್ಲಿ ಅದ್ದದೆ ಬಾಯಿಗಿಡುವುದಿಲ್ಲ ಎಂದು ದಾರಿಯಲ್ಲೇ ವರ್ಣಿಸಿದ್ದಳು. ಹಿಂದೆ ಹೊಸದಾಗಿ ಮದುವೆಯಾದ ಗಂಡ ಹೆಂಡತಿ, ತಿನ್ನುವುದಕ್ಕಿಂತ ಮುಂಚೆ ಪ್ರತಿ ತಟ್ಟೆಗೂ ಕ್ಯಾಮೆರಾ ಹಿಡಿಯುವ ಒಬ್ಬ, ಹೋದಲ್ಲೆಲ್ಲ ಸಕ್ಕರೆ ಪೊಟ್ಟಣ ಜೇಬಿಗಿಳಿಸುವ ಒಬ್ಬ ದಪ್ಪ ಮನುಷ್ಯ. ಎಲ್ಲರಿಗಿಂತ ಹಿಂದೆ ಕಣ್ಣಕ್ಕ.

ಕಣ್ಣಕ್ಕ ಎನ್ನುವುದು ಕೆಲಸದಲ್ಲಿ ಅಂಟಿದ ಹೆಸರು. ದೊಡ್ಡ ಬಟ್ಟೆ ಮಳಿಗೆಯೊಂದರಲ್ಲಿ ಗಿರಾಕಿಯಂತೆ ಓಡಾಡುತ್ತ ಕಳ್ಳರನ್ನು ಹಿಡಿಯುವುದೇ ಅವಳ ಉದ್ಯೋಗವಾಗಿತ್ತು. ಕಳ್ಳರ ಮುಖ ನೋಡಬಾರದು, ಕೈ ನೋಡಬೇಕು ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದಳು. ನಿವೃತ್ತಿಯಾದ ಮೇಲೆ ನೋಡುವುದಕ್ಕೆ ಅವಳ ಸ್ವಂತ ಕೈಗಳಷ್ಟೇ ಉಳಿದವು. ಒಂದು ಬ್ರೆಡ್ಡು ತಂದರೆ ಅರ್ಧ ಮುಗಿಯುವಷ್ಟರಲ್ಲಿ ಬೂಷ್ಟು ಹಿಡಿಯುತ್ತಿತ್ತು. ಬೇರೆ ಊರಿನ ತಂಗಿ ಫೋನಿನಲ್ಲಿ ಬೈದು, ಹುಟ್ಟುಹಬ್ಬಕ್ಕೆಂದು ಈ ಟಿಕೆಟ್ಟು ಕೊಡಿಸಿದ್ದಳು. “ಅದೇ ಊರಲ್ಲಿದ್ದು ಊರೇ ನೋಡಿಲ್ವಲ್ಲೇ ಅಕ್ಕ! ಹೋಗು, ನಾಲ್ಕು ಜನರ ಜೊತೆ ಕೂತು ತಿನ್ನು.”

ನಾಲ್ಕು ಜನರೇನೋ ಇದ್ದರು. ದೋಣಿಯಲ್ಲಿ ಎಲ್ಲರೂ ಸರದಿ ಪ್ರಕಾರ ಅವಳ ಕೈಗೆ ಫೋನು ಕೊಟ್ಟು ತಮ್ಮ ಫೋಟೋ ತೆಗೆಸಿಕೊಂಡರು. ಅವಳದೊಂದು ತೆಗೆಯೋಣವೇ ಎಂದು ಯಾರೂ ಕೇಳಲಿಲ್ಲ. ಇಲ್ಲಿ ಕಾಫಿ ಕೊಟ್ಟಾಗ ಎಲ್ಲರೂ ಸೂಪರ್ ಅಂದರು, ಅವಳೂ ಅಂದಳು. ಮನೆಯ ಒಂಟಿತನ ಅಭ್ಯಾಸವಾಗಿತ್ತು. ಜನರ ನಡುವಿನದು ಹೊಸದು, ಹಾಗಾಗಿ ಹೆಚ್ಚು ನೋಯುತ್ತಿತ್ತು.

“ತಾತ, ದಯವಿಟ್ಟು,” ಬಾವುಟದ ಹುಡುಗಿ ಮುಂದೆ ಬಂದಳು. “ಇವರೆಲ್ಲ ಒಳ್ಳೆಯವರು. ಎಲ್ಲೋ ಬಿದ್ದಿರುತ್ತೆ, ಹುಡುಕೋಣ.”

“ಹುಡುಕು. ಸಿಗದಿದ್ರೆ ನಿನ್ನ ಕಂಪನಿಯವರು ಇನ್ನು ನನ್ನ ಅಂಗಡಿಗೆ ಕಾಲಿಡೋದು ಬೇಡ. ಫೋನ್ ಮಾಡಿ ನಾನೇ ಹೇಳ್ತೀನಿ.”

ಹುಡುಗಿ ಬಾವುಟವನ್ನು ಎದೆಗವಚಿಕೊಂಡಳು. ಕಣ್ಣಕ್ಕ ಅವಳ ಪಕ್ಕಕ್ಕೆ ಸರಿದಳು.

“ಏನಮ್ಮ, ಅಷ್ಟು ದೊಡ್ಡ ವಿಷಯಾನಾ?”

“ಆಂಟಿ, ಹೋದ ತಿಂಗಳು ಒಬ್ಬರನ್ನ ದಡದಲ್ಲೇ ಬಿಟ್ಟು ದೋಣಿ ಹೊರಟುಬಿಡ್ತು. ಆ ದೂರು ಇನ್ನೂ ನನ್ನ ತಲೆ ಮೇಲಿದೆ. ಇನ್ನೊಂದು ಬಂದ್ರೆ ಬಾವುಟ ವಾಪಸ್ ಕೊಟ್ಟು ಮನೆಗೆ ಹೋಗು ಅಂದಿದಾರೆ. ಈ ಅಂಗಡಿ ನಮ್ಮ ಕಂಪನಿಗೆ ಎಷ್ಟು ಹಳೇದು ಗೊತ್ತಾ? ಇದು ತಪ್ಪಿಹೋದ್ರೆ ನನ್ನ ಕತೆ ಮುಗೀತು.”

ಕಣ್ಣಕ್ಕ ಕೈಚೀಲವನ್ನು ಕುರ್ಚಿಯ ಮೇಲಿಟ್ಟಳು. ಎಷ್ಟೋ ದಿನದಿಂದ ಮಲಗಿದ್ದ ಯಾವುದೋ ನರ ಎಚ್ಚರವಾಯಿತು.

“ಮೊದಲು ನನ್ನ ಚೀಲಾನೇ ನೋಡಿ,” ಎಂದಳು ಗಟ್ಟಿಯಾಗಿ. “ಆಮೇಲೆ ಒಬ್ಬೊಬ್ಬರೇ ಬನ್ನಿ. ನಾನು ಇದೇ ಕೆಲಸ ಮಾಡ್ತಿದ್ದೋಳು. ನಾಚಿಕೆ ಪಡೋ ಅಂಥದ್ದೇನಿಲ್ಲ.”

ಹೊಸ ಮದುಮಗಳು ಗಂಡನ ತೋಳು ಹಿಡಿದಳು. “ನಮ್ಮನ್ನ ಕಳ್ಳರು ಅಂತೀರಾ?”

“ಅಲ್ಲ ಅಂತ ತೋರಿಸೋಕೇ ಕೇಳ್ತಿರೋದು. ನೀವು ಗೋಡೆ ಹತ್ತಿರ ಹೋಗಿದ್ರಾ?”

“ಇಲ್ಲಪ್ಪ! ಇವರು ನನ್ನ ಕೈಯೇ ಬಿಡಲಿಲ್ಲ.”

ಅದು ನಿಜ. ಇಬ್ಬರ ಎರಡು ಕೈಗಳು ಬೆಳಗಿನಿಂದ ಒಂದಕ್ಕೊಂದು ಗಂಟು ಬಿದ್ದಿದ್ದನ್ನು ಕಣ್ಣಕ್ಕ ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ನೋಡಿದ್ದಳು.

“ನೀವು ಹೋಗಿದ್ರಿ,” ಎಂದಳು ಕ್ಯಾಮೆರಾದವನಿಗೆ.

“ಹೋಗಿದ್ದೆ. ಯಂತ್ರದ ಫೋಟೋ ತೆಗೆಯೋಕೆ.”

“ಮೊಳೇಲಿ ಚಮಚ ಇತ್ತಾ?”

“ನಾನು ಯಂತ್ರ ನೋಡ್ತಿದ್ದೆ ಮೇಡಂ. ಮೊಳೆ ಯಾರು ನೋಡ್ತಾರೆ?”

ಇಡೀ ದಿನ ಕ್ಯಾಮೆರಾದಲ್ಲಿ ಕಣ್ಣಿಟ್ಟವನು ಏನನ್ನೂ ನೋಡಿರಲಿಲ್ಲ. ಅವನ ಚೀಲದಲ್ಲಿ ತಂತಿ, ಬ್ಯಾಟರಿ, ಅರ್ಧ ತಿಂದ ಬ್ರೆಡ್ಡು ಬಿಟ್ಟರೆ ಬೇರೇನಿಲ್ಲ.

ದಪ್ಪ ಮನುಷ್ಯ ಗೋಡೆಗೆ ಅಂಟಿಕೊಂಡು ನಿಂತಿದ್ದ. ಹಣೆಯಲ್ಲಿ ಬೆವರು.

“ಸಕ್ಕರೆ ರಾಯರೇ, ಜೇಬು.”

“ನಾನ್ಯಾಕೆ... ಅದರಲ್ಲಿ ಏನೂ...”

ಜೇಬಿನಿಂದ ಸಕ್ಕರೆ ಪೊಟ್ಟಣಗಳು ಬಂದವು. ಕಾಗದದ ಕರವಸ್ತ್ರ ಬಂತು. ಕೊನೆಗೆ ಟಣ್ಣೆಂದು ಒಂದು ಚಮಚ ಮೇಜಿಗೆ ಬಿತ್ತು.

“ಸಿಕ್ಕಿಬಿದ್ದ!” ಕ್ಯಾಮೆರಾದವನು ಕೂಗಿದ.

“ಅಯ್ಯೋ, ಇದು ಸೂಪಿನ ಹೋಟೆಲಿಂದು!” ರಾಯರು ಕೈಮುಗಿದುಬಿಟ್ಟರು. “ಮನೇಲಿ ಪ್ರತಿ ಊರಿಂದೂ ಒಂದೊಂದು ಇಟ್ಟಿದೀನಿ. ಒಬ್ಬನೇ ಇರೋನು, ಊಟಕ್ಕೆ ಕೂತಾಗ ಇವತ್ತು ಯಾವ ಊರು ಅಂತ ಆರಿಸ್ಕೊಳ್ತೀನಿ... ತಪ್ಪಾಯ್ತು.”

ಅದು ಮಾಮೂಲಿ ಸ್ಟೀಲು ಚಮಚ, ತುದಿಯಲ್ಲಿ ನೇತುಹಾಕುವ ತೂತೂ ಇಲ್ಲ. ನಗಬೇಕಿದ್ದವರು ನಗಲಿಲ್ಲ. ಕಣ್ಣಕ್ಕನಿಗೂ ನಗು ಬರಲಿಲ್ಲ. ಉಳಿದವರ ಚೀಲ, ಜೇಬುಗಳಲ್ಲೂ ಬೆಳ್ಳಿ ಚಮಚ ಸಿಗಲಿಲ್ಲ.

ಅಷ್ಟರಲ್ಲಿ ಮದುಮಗಳು ಸೀನಿದಳು. ಗಂಡ ಮೂಗು ಮುಚ್ಚಿಕೊಂಡ. ಹುಡುಗಿ ಬಾವುಟವನ್ನು ಮುಖದ ಮುಂದೆ ಬೀಸಿದಳು.

“ಯಾರ ಹತ್ರಾನೂ ಸಿಗಲಿಲ್ಲ ಅಂದ್ರೆ ಏನರ್ಥ?” ಯಜಮಾನರು ಹೇಳುತ್ತಲೇ ಇದ್ದರು. ಒಂದು ಕೈ ಏಪ್ರನ್ನಿನ ಎದೆಯ ಮೇಲಿತ್ತು. “ಯಾರೋ ಕಿಟಕಿಯಿಂದ ಆಚೆ ಎಸೆದಿರಬೇಕು. ಆ ಚಮಚ ಇಲ್ದೆ ನಾನು ರುಚಿ ನೋಡಲ್ಲ. ಇವತ್ತಲ್ಲ, ಯಾವತ್ತೂ ನೋಡಲ್ಲ—”

“ತಾತ, ಬೀಜ!” ಹುಡುಗಿ ಕಿರುಚಿದಳು.

ಡ್ರಮ್ಮಿನ ಮೇಲಿಂದ ಕಪ್ಪು ಹೊಗೆ ಏಳುತ್ತಿತ್ತು. ಅದು ಕಣ್ಣಿಗೆ ಬಿದ್ದ ಮೇಲೆಯೇ ಯಜಮಾನರು ಹಾರಿ ಹೋಗಿ ಬೆಂಕಿ ಆರಿಸಿದರು. ಆರಿಸಿ, ತಲೆಯೆತ್ತಿ ಗೋಡೆ ಗಡಿಯಾರ ನೋಡಿದರು. ಛೆ ಎಂದುಕೊಂಡರು.

ಕಣ್ಣಕ್ಕನೂ ಗಡಿಯಾರ ನೋಡಿದಳು. ಆಮೇಲೆ ಕಟ್ಟೆ ನೋಡಿದಳು. ಕಟ್ಟೆಯ ಮೇಲೆ ರುಚಿ ನೋಡುವುದಕ್ಕೆಂದು ಎರಡು ಬಟ್ಟಲು ಕಾಫಿ, ಅವರ ಕಣ್ಣಿಗೆ ಕಟ್ಟಲು ಮಡಿಸಿಟ್ಟ ಬಿಳಿ ಬಟ್ಟೆ. ಅಷ್ಟೇ.

ಅವಳಿಗೆ ಎಲ್ಲ ಅರ್ಥವಾಯಿತು. ಮಳಿಗೆಯಲ್ಲಿ ಕಳ್ಳ ಸಿಕ್ಕಾಗ ಸಿಗುತ್ತಿದ್ದ ಸಂತೋಷ ಇದಾಗಿರಲಿಲ್ಲ.

“ಯಜಮಾನ್ರೇ, ಬಾಗಿಲು ತೆಗೀರಿ. ಯಾರು ಅಂತ ಗೊತ್ತಾಯ್ತು.”

“ಯಾರು?” ಐದಾರು ದನಿ ಒಟ್ಟಿಗೆ.

“ಎಲ್ಲರ ಮುಂದೆ ಹೇಳಲ್ಲ. ನೀವೆಲ್ಲ ಹೊರಗೆ ನಿಂತಿರಿ. ನೀನು ಇರಮ್ಮ, ಕೆಲಸ ಹೋಗೋದು ನಿಂದು ತಾನೇ? ನೀನು ಕೇಳಲೇಬೇಕು.”

ಯಜಮಾನರು ಅವಳನ್ನೇ ನೋಡಿದರು. ಆಮೇಲೆ ಹೋಗಿ ಚಿಲಕ ತೆಗೆದರು. ಮಿಕ್ಕವರು ಗೊಣಗುತ್ತ ಬೀದಿಗಿಳಿದರು. ಅಂಗಡಿಯಲ್ಲಿ ಸೀದ ವಾಸನೆ, ಮೂರು ಜನ.

“ಹೇಳಿ. ಯಾರು ಕದ್ದಿದ್ದು?”

“ಯಾರೂ ಕದ್ದಿಲ್ಲ. ನಾನು ಎಲ್ಲರ ಜೇಬು ನೋಡ್ದೆ. ಒಬ್ಬರದು ಬಿಟ್ಟು. ಕಳಕೊಂಡವರ ಜೇಬನ್ನ ಯಾರೂ ನೋಡೋಲ್ಲ, ಅಲ್ವಾ?”

ಯಜಮಾನರ ಕೈ ಎದೆಯ ಮೇಲಿಂದ ಸರ್ರನೆ ಕೆಳಗಿಳಿಯಿತು.

“ಇಷ್ಟು ಹೊತ್ತೂ ಅಲ್ಲೇ ಮುಟ್ಟಿ ನೋಡ್ಕೊಳ್ತಿದ್ರಿ,” ಎಂದಳು ಕಣ್ಣಕ್ಕ. “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನಿಮ್ಮ ಏಪ್ರನ್ನಿನ ಒಳಜೇಬಲ್ಲಿದೆ ಚಮಚ.”

“ನನ್ನ ವಸ್ತು ನಾನೇ ಯಾಕೆ ಬಚ್ಚಿಡಲಿ? ತಲೆ ಕೆಟ್ಟಿದೆಯಾ ನಿಮಗೆ?”

“ನಾನೂ ಅದನ್ನೇ ಕೇಳ್ಕೊಂಡೆ. ಆಮೇಲೆ ಕಟ್ಟೆ ನೋಡ್ದೆ. ಈ ಹುಡುಗಿ ದಾರೀಲಿ ಏನು ಹೇಳಿದ್ಲು? ತಾತ ಚಮಚ ಬಿಸಿನೀರಲ್ಲಿ ಅದ್ದದೆ ಬಾಯಿಗಿಡಲ್ಲ, ಇಲ್ಲದಿದ್ರೆ ಒಂದರ ರುಚಿ ಇನ್ನೊಂದಕ್ಕೆ ಅಂಟುತ್ತೆ ಅಂತ. ಬಟ್ಟಲು ಇಟ್ರಿ. ಬಟ್ಟೆ ಮಡಿಸಿಟ್ರಿ. ಬಿಸಿನೀರಿನ ಲೋಟ ಎಲ್ಲಿ ಯಜಮಾನ್ರೇ?”

ಹುಡುಗಿ ಕಟ್ಟೆಯತ್ತ ತಿರುಗಿ ನೋಡಿದಳು. ಲೋಟ ಇರಲಿಲ್ಲ.

“ಇವತ್ತು ಚಮಚ ಬಾಯಿಗೆ ಹೋಗಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತು. ಅದಕ್ಕೇ ಇಡಲಿಲ್ಲ. ಯಾಕೆ? ಇವತ್ತು ಮೊದಲನೇ ಸಲ ಕಂಪನಿಯವರು ನಿಮ್ಮಿಂದ ಎಲ್ಲರೆದುರು ರುಚಿ ನೋಡಿಸೋಣ ಅಂದ್ರು. ಕಣ್ಣು ಕಟ್ಟಿ, ಯಾವುದು ಹೊಸ ಬೀಜ, ಯಾವುದು ಹಳೇದು ಅಂತ ಹೇಳಬೇಕು. ನಿಮಗೆ ಹೇಳೋಕಾಗಲ್ಲ.” ಕಣ್ಣಕ್ಕನ ದನಿ ತಗ್ಗಿತು. “ಬೀಜ ಸೀದು ನಾವೆಲ್ಲ ಮೂಗು ಮುಚ್ಕೊಂಡ್ವಿ. ನಿಮಗೆ ಹೊಗೆ ಕಾಣೋವರೆಗೂ ಗೊತ್ತೇ ಆಗಲಿಲ್ಲ. ನೀವು ಹುರಿಯೋದು ಗಡಿಯಾರ ನೋಡ್ಕೊಂಡು. ಇವತ್ತು ಕಳ್ಳನ ಗಲಾಟೇಲಿ ಗಡಿಯಾರ ಮರೆತ್ರಿ.”

ಯಜಮಾನರು ಸ್ಟೂಲಿನ ಮೇಲೆ ಕುಸಿದರು. ಒಳಜೇಬಿಗೆ ಕೈ ಹಾಕಿ ಚಮಚ ತೆಗೆದು ಕಟ್ಟೆಯ ಮೇಲಿಟ್ಟರು. ತೆಳ್ಳಗಿನ ಬೆಳ್ಳಿ ಚಮಚ, ಅಂಚು ಸವೆದಿತ್ತು.

“ಹೋದ ಚಳಿಗಾಲ ಇಬ್ಬರಿಗೂ ಜ್ವರ ಬಂತು,” ಎಂದರು. “ಅವಳು ಹೋದ್ಲು. ನಾನು ಎದ್ದೆ, ಮೂಗು ಏಳಲಿಲ್ಲ. ಮಣ್ಣು ಕುಡಿದರೂ ಒಂದೇ, ಕಾಫಿ ಕುಡಿದರೂ ಒಂದೇ. ಮೊದಲು ರುಚಿ ನೋಡ್ತಿದ್ದೋಳು ಅವಳು. ‘ಇವತ್ತು ಕೆಡಿಸಿದ್ರಿ’ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳೋಳು. ಈಗ ಹೇಳೋರು ಯಾರಿದಾರೆ? ಯಾರಿಗಾದ್ರೂ ತಿಳಿದ್ರೆ ಮೂಗಿಲ್ಲದ ಕಾಫಿಯವನು ಅಂತ ಅಂಗಡಿ ಮುಚ್ಚಬೇಕು. ಮುಚ್ಚಿ ಎಲ್ಲಿಗೆ ಹೋಗಲಿ? ಮೇಲಿನ ಕೋಣೇಲಿ ಒಬ್ಬನೇ ಕೂರೋದಾ?”

“ಅದಕ್ಕೆ ನನ್ನ ಕೆಲಸ ತೆಗೀತಿದ್ರಾ ತಾತ?” ಹುಡುಗಿಯ ಕಣ್ಣು ತುಂಬಿತ್ತು, ಸಿಟ್ಟೂ ಇತ್ತು. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆಯಾ?”

“ಅಷ್ಟು ದೂರ ಯೋಚಿಸಲಿಲ್ಲ ಮಗಳೇ. ಹೆದರಿಬಿಟ್ಟೆ. ನಿನ್ನ ಕಂಪನಿಗೆ ನಾನೇ ಹೇಳ್ತೀನಿ, ಮುದುಕ ಮರೆತು ಜೇಬಲ್ಲಿಟ್ಟಿದ್ದ ಅಂತ. ಆದ್ರೂ ಒಂದು ಮಾತು. ಬಂದೋರೆಲ್ಲ ತುಂಬಾ ಚೆನ್ನಾಗಿದೆ ಅಂತಾರಲ್ಲ? ಗಡಿಯಾರದ ಕಾಫೀನೇ ಸರಿ ಇರಬಹುದು ಅಂದ್ಕೊಂಡಿದ್ದೆ.”

ಹುಡುಗಿ ತಲೆ ತಗ್ಗಿಸಿದಳು. ಕಣ್ಣಕ್ಕನೂ ತಗ್ಗಿಸಿದಳು.

“ನಾವೆಲ್ಲ ಕಡೆಗಣಿಸಿದ ಸುಳಿವು ಅದೇ,” ಎಂದಳು ಕಣ್ಣಕ್ಕ. “ಬಂದ ಕೂಡಲೇ ಕಾಫಿ ಕೊಟ್ರಿ. ಸೀದಿದೆ ಅಂತ ಒಂದು ಗುಟುಕಿಗೇ ಗೊತ್ತಾಯ್ತು. ಎಲ್ಲರೂ ಸೂಪರ್ ಅಂದ್ರು. ನಾನೂ ಅಂದೆ. ಇನ್ನೊಂದು ಸಲ ಬರೋ ಅಂಗಡಿ ಅಲ್ಲ, ಇನ್ನೊಂದು ಸಲ ನೋಡೋ ಮುಖ ಅಲ್ಲ, ಯಾಕೆ ಬೇಜಾರು ಮಾಡೋದು ಅಂತ. ಆಗಲೇ ಬಾಯಿ ಬಿಟ್ಟಿದ್ರೆ ಈ ಕಳ್ಳತನವೇ ಇರ್ತಿರಲಿಲ್ಲ.”

“ನಾನು ವಾರವಾರವೂ ಅಂದಿದೀನಿ,” ಎಂದಳು ಹುಡುಗಿ ಸಣ್ಣ ದನಿಯಲ್ಲಿ. “ಊರಿನ ಅತ್ಯುತ್ತಮ ಕಾಫಿ ಅಂತ.”

ಕಿಟಕಿಯ ಗಾಜಿನ ಮೇಲೆ ಯಾರೋ ಬೆರಳಿನಿಂದ ತಟ್ಟಿದರು. ಐಸ್‌ಕ್ರೀಂಗೆ ಹೊತ್ತಾಗುತ್ತಿತ್ತು. ಹುಡುಗಿ ಕಣ್ಣೊರೆಸಿ ಬಾವುಟ ಎತ್ತಿಕೊಂಡಳು. ಬಾಗಿಲಲ್ಲಿ ತಿರುಗಿ, “ಆಂಟಿ, ಬರ್ತೀರಾ?” ಎಂದಳು.

ಕಣ್ಣಕ್ಕ ಕೆಟಲಿನಿಂದ ಒಂದು ಲೋಟಕ್ಕೆ ಬಿಸಿನೀರು ಬಗ್ಗಿಸಿದಳು. ಬೆಳ್ಳಿ ಚಮಚವನ್ನು ಅದರಲ್ಲಿ ಅದ್ದಿ, ಒರೆಸಿ, ಕಟ್ಟೆಯ ಮೇಲಿನ ಬಟ್ಟಲಿನಿಂದ ಒಂದು ಚಮಚ ಕಾಫಿ ಎತ್ತಿ ಸೊರ್ರೆಂದು ಹೀರಿದಳು.

ಯಜಮಾನರು ಸ್ಟೂಲಿನಿಂದ ಎದ್ದು ನಿಂತಿದ್ದರು. “ಹೇಗಿದೆ?”

“ಸೀದಿದೆ.”

“ತುಂಬಾನಾ?”

“ಕುಡಿಯೋಕಾಗಲ್ಲ.”

ಮುದುಕರ ಮುಖ ಅಳುವಂತಾಗಿ ನಗುವಂತಾಯಿತು. ಅವರು ಎರಡೂ ಬಟ್ಟಲುಗಳನ್ನು ಬಚ್ಚಲಿಗೆ ಸುರಿದರು. ಡ್ರಮ್ಮಿನಲ್ಲಿ ಕರಕಲಾದುದನ್ನು ತೆಗೆದುಹಾಕಿದರು. ಹಸಿರು ಬೀಜ ಅಳೆದು ಹಾಕಿ ಬೆಂಕಿ ಹೊತ್ತಿಸಿದರು. ಆಮೇಲೆ ಕುರ್ಚಿ ಹತ್ತಿ, ಗೋಡೆ ಗಡಿಯಾರವನ್ನು ಇಳಿಸಿ ಮೇಜಿನ ಮೇಲೆ ಬೋರಲು ಮಲಗಿಸಿದರು.

ಹೊರಗೆ ಹಳದಿ ಬಾವುಟ ಬೀದಿ ತಿರುವಿನಲ್ಲಿ ಮರೆಯಾಯಿತು. ಟಿಕೆಟ್ಟಿನಲ್ಲಿ ಸೇರಿದ್ದ ಐಸ್‌ಕ್ರೀಂ ಎಲ್ಲೋ ಕರಗಿರಬಹುದು. ಕಣ್ಣಕ್ಕ ಯಂತ್ರದ ಪಕ್ಕ ನಿಂತು ಮೂಗನ್ನು ಮುಂದೆ ಚಾಚಿದಳು. ಹಸಿ ಹುಲ್ಲಿನ ವಾಸನೆ ಮೆಲ್ಲಗೆ ಬ್ರೆಡ್ಡಿನ ವಾಸನೆಯಾಗುತ್ತಿತ್ತು. ಅವಳ ಮಾತಿಗಾಗಿ ಯಾರಾದರೂ ಹೀಗೆ ಉಸಿರು ಬಿಗಿಹಿಡಿದು ಕಾದು ಎಷ್ಟು ಕಾಲವಾಗಿತ್ತೋ.

“ಈಗ?” ಎಂದರು ಯಜಮಾನರು.

“ಇನ್ನೂ ಇಲ್ಲ.”

“ಈಗ?”

“ತಡೀರಿ ಸ್ವಲ್ಪ,” ಎಂದಳು ಕಣ್ಣಕ್ಕ. “ನಾನು ಇಲ್ಲೇ ಇದೀನಲ್ಲ.”