ಎಣ್ಣೆ ತಾತನ ಖಾತೆ

"ನಮ್ಮಪ್ಪನ ಖಾತೆಯೊಳಗೆ ನಿನ್ನೆ ಹೋಗಿದ್ದು ಯಾರು?"

ಹೊಲಿಗೆ ಯಂತ್ರದ ಬಿಡಿಭಾಗ ಮಾರುವ ಆ ಇಕ್ಕಟ್ಟಾದ ಅಂಗಡಿಯಲ್ಲಿ, ಗಲ್ಲಾದ ಮೇಲೆ ಫೋನ್ ಇಟ್ಟು ಅವಳು ಕೇಳಿದಳು. ದನಿ ಏರಲಿಲ್ಲ. ಏರಿಸುವಷ್ಟು ತ್ರಾಣವೂ ಉಳಿದಿರಲಿಲ್ಲ. ಬಟ್ಟೆ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿ ದಿನವಿಡೀ ಕಂಡವರ ಪ್ಯಾಂಟಿನ ಕಾಲು ಮೋಟು ಮಾಡಿ ಹೊಲಿದು, ಅಲ್ಲಿಂದ ನೇರ ಇಲ್ಲಿಗೇ ಬಂದಿದ್ದಳು. ತೋಳಿನ ಮೇಲೆ ದಾರದ ಚೂರುಗಳು ಹಾಗೇ ಇದ್ದವು.

ಅಂಗಡಿಯವನು ಫೋನ್ ನೋಡಿದ. ಆಮೇಲೆ ಅವಳನ್ನು.

"ನಾನೇ," ಅಂದ.

ಸುಳ್ಳು ಹೇಳುತ್ತಾನೆ ಎಂದುಕೊಂಡೇ ಬಂದಿದ್ದಳು. ಅದಕ್ಕೆ ತಕ್ಕ ಮಾತನ್ನೆಲ್ಲ ಬಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದಳು. ಈಗ ಒಂದೂ ಉಪಯೋಗಕ್ಕೆ ಬರಲಿಲ್ಲ.

ಅವನು 'ಹೊಲಿಗೆ ಬಳಗ'ದ ಅಡ್ಮಿನ್, ಸದಸ್ಯರ ಖಾತೆ ತೆರೆಯಬಲ್ಲವನು ಅವನೊಬ್ಬನೇ. ಯಂತ್ರ ಕೆಟ್ಟವರು ಕೇಳುವ, ಬಲ್ಲವರು ಹೇಳುವ ಆನ್‌ಲೈನ್ ವೇದಿಕೆ ಅದು. ಜೀವಮಾನವೆಲ್ಲ ಯಂತ್ರ ರಿಪೇರಿ ಮಾಡಿದ ಅವಳಪ್ಪ ಅಲ್ಲಿ ಎಲ್ಲರಿಗೂ 'ಎಣ್ಣೆ ತಾತ'. ಯಾರು ಏನೇ ಕೇಳಲಿ, 'ಮೊದಲು ಎಣ್ಣೆ ಬಿಡಿ' ಎಂದೇ ಉತ್ತರ ಶುರು. ಒಬ್ಬ ತಮಾಷೆಗೆ, ಹೆಂಡತಿ ಮಾತು ಬಿಟ್ಟಿದ್ದಾಳೆ ಏನು ಮಾಡಲಿ ಅಂತ ಬರೆದಾಗಲೂ ಅದೇ ಉತ್ತರ.

ಅಪ್ಪ ತೀರಿಕೊಂಡ ಮೇಲೂ ಅವಳು ದಿನಾ ಆ ಹೆಸರನ್ನು ತೆರೆದು ನೋಡುತ್ತಿದ್ದಳು. ನಿನ್ನೆ ಆ ಹೆಸರಿನ ಪಕ್ಕ ಹಸಿರು ದೀಪ ಹೊತ್ತಿತ್ತು… 'ಈಗ ಇಲ್ಲಿದ್ದಾರೆ' ಎಂಬ ಗುರುತು. ಒಂದು ಗಳಿಗೆ ಅವಳ ಎದೆ ಅದನ್ನು ನಂಬಿಬಿಟ್ಟಿತ್ತು. ಆ ಗಳಿಗೆಯನ್ನು ಹೇಗೆ ಕ್ಷಮಿಸುವುದು?

"ಮೊದಲೂ ಹೋಗಿದ್ದಿರಾ?"

"ಹೋಗಿದ್ದೆ. ಅವರು ಇದ್ದಾಗಲೂ… ತುಂಬ ಸಲ."

"ಯಾಕೆ?"

"ಅದನ್ನ ನಾನು ಹೇಳೋ ಹಾಗಿಲ್ಲ."

ಅವಳು ಫೋನ್ ಎತ್ತಿಕೊಂಡು ಹೊರಬಂದಳು.

ಅಪ್ಪನಿಗೆ ಕೈ ನಡುಗುವ ಕಾಯಿಲೆ. ಕೊನೆಕೊನೆಗೆ ಅನ್ನವನ್ನೂ ಅವಳೇ ತಿನ್ನಿಸುತ್ತಿದ್ದಳು. ಆದರೂ ಸಂಜೆ ಮನೆಗೆ ಬಂದರೆ ಬಳಗದಲ್ಲಿ ಅಪ್ಪನ ಉತ್ತರ ಇರುತ್ತಿತ್ತು. 'ಇವತ್ತು ಕೈ ಮಾತು ಕೇಳಿದೆ ಅಲ್ವಾಪ್ಪಾ' ಎಂದು ಅವಳು ಹಿಗ್ಗುತ್ತಿದ್ದಳು. ಅಪ್ಪ ಸುಮ್ಮನೆ ನಗುತ್ತಿದ್ದ. ಅವಳ ಪಾಲಿಗೆ ಉಳಿದ ಆಸ್ತಿಯೆಂದರೆ ಆ ಉತ್ತರಗಳೇ.

ಈಗ ಅವು ಯಾರವು? ಅಪ್ಪನ ಕೊನೆಯ ಮಾತುಗಳು ಅಪ್ಪನದೇ ಹೌದೋ, ಅಲ್ಲವೋ…

ಅಡ್ಮಿನ್ ಆದವರು ಸದಸ್ಯರ ಖಾತೆಯೊಳಗೆ ಹೋಗುವಂತಿರಬೇಕೇ ಎಂದು ಅವಳು ಬಳಗದಲ್ಲೇ ಕೇಳಿದಳು. ಜನ ಎರಡು ಪಾಲಾದರು. ಪಾಸ್‌ವರ್ಡ್ ಮರೆತವರಿಗೆ, ಮೋಸ ಹೋದವರಿಗೆ ಅಡ್ಮಿನ್ ಅಲ್ಲದೆ ಇನ್ಯಾರು ದಿಕ್ಕು ಎಂದರು ಕೆಲವರು. ಒಬ್ಬ ಹೆಂಗಸು ಮಾತ್ರ, ತಾನು ಗೆಳತಿಗೆ ಸಂಸಾರದ ಸಂಕಟವನ್ನೆಲ್ಲ ಖಾಸಗಿಯಾಗಿ ಬರೆದುಕೊಂಡಿದ್ದೇನೆ, ಅದನ್ನೂ ಓದಿದ್ದಾರೋ ಏನೋ ಎಂದು ಬರೆದಳು. ಅದಾದ ಮೇಲೆ ವಾದ ಬೆಳೆಯಲಿಲ್ಲ.

ಅಡ್ಮಿನ್ ಬರೆದದ್ದು ಎರಡೇ ಸಾಲು. 'ಕೇಳಿದವರು ನ್ಯಾಯವಾಗಿಯೇ ಕೇಳಿದ್ದಾರೆ. ಬಳಗ ಕಟ್ಟಿದವರು ನನ್ನಿಂದ ಆ ಅಧಿಕಾರ ತೆಗೆಯಲಿ.'

ಬೈದಾಡುತ್ತಾನೆ ಎಂದು ಕಾದಿದ್ದ ಅವಳಿಗೆ ಇದು ಇನ್ನೂ ಆಯಾಸ ತಂದಿತು. ಎದುರು ಒತ್ತುವ ಗೋಡೆಯೇ ಇಲ್ಲದಿದ್ದರೆ ಸಿಟ್ಟಾದರೂ ಎಲ್ಲಿ ಒರಗಬೇಕು?

ಆ ನಡುವೆ ಅಪ್ಪನ ಹಳೇ ಯಂತ್ರಕ್ಕೆ ಸೂಜಿ ಬೇಕಾಯಿತು. ಅದು ಸಿಗುತ್ತಿದ್ದದ್ದು ಅವನ ಅಂಗಡಿಯಲ್ಲಿ ಮಾತ್ರ. ಮುಖ ಗಂಟಿಕ್ಕಿಕೊಂಡೇ ಹೋದಳು. ಅವನು ಒಂದು ತುಂಡು ಉಣ್ಣೆ ಬಟ್ಟೆಗೆ ಸೂಜಿಗಳನ್ನು ಚುಚ್ಚಿ, ಕಣ್ಣುಗಳೆಲ್ಲ ಒಂದೇ ಕಡೆ ಬರುವಂತೆ ತಿದ್ದಿ, ಮಡಿಸಿ ಕೊಟ್ಟ.

ಅವಳ ಕೈ ನಿಂತಿತು. ಅಪ್ಪ ಹಾಗೇ ಕೊಡುತ್ತಿದ್ದ.

"ಇದನ್ನ ಎಲ್ಲಿ ಕಲಿತಿರಿ?"

"ಒಬ್ರು ಫೋನಲ್ಲಿ ಹೇಳಿಕೊಟ್ರು," ಅಂದು ತಲೆ ತಗ್ಗಿಸಿದ. ಅವನ ಕಣ್ಣ ಕೆಳಗೂ ನಿದ್ದೆಗೆಟ್ಟ ಕಪ್ಪು. ಅದನ್ನು ನೋಡಬಾರದಿತ್ತು ಎನ್ನಿಸಿತು ಅವಳಿಗೆ.

ಮನೆಯಲ್ಲಿ ಸೋದರತ್ತೆ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಅವಳು ಕೆಲಸಕ್ಕೆ ಹೋದ ಹೊತ್ತಿನಲ್ಲೆಲ್ಲ ಅಪ್ಪನನ್ನು ನೋಡಿಕೊಂಡವಳು ಈ ಅತ್ತೆಯೇ. ಅಡ್ಮಿನ್ ಅಧಿಕಾರ ಹೋಯಿತು, ಅವನೇ ಬಿಟ್ಟುಕೊಟ್ಟ ಎಂಬ ಸುದ್ದಿ ಕೇಳಿ ಅತ್ತೆಯ ಕೈ ಬುಟ್ಟಿಯಲ್ಲೇ ಉಳಿಯಿತು.

"ಅಯ್ಯೋ ಹುಚ್ಚಿ… ಆ ಪಾಪದವನನ್ನ ಯಾಕೇ ಬೀದಿಗೆ ತಂದೆ? ನಿಮ್ಮಪ್ಪನ ಕಿವಿಗೆ ಫೋನ್ ಹಿಡಿದೂ ಹಿಡಿದೂ ನನ್ನ ತೋಳೇ ಬಿದ್ದುಹೋಗಿತ್ತು."

ಅತ್ತೆ ಎಲ್ಲ ಹೇಳಿದಳು. ಅಪ್ಪನಿಗೆ ಒಂದಕ್ಷರವೂ ಒತ್ತಲು ಬಾರದೇ ಹೋದಾಗ, ಅವನೇ ಅಡ್ಮಿನ್‌ಗೆ ಫೋನ್ ಮಾಡಿಸಿ, ನನ್ನ ಖಾತೆಯೊಳಗೆ ಹೋಗಿ ನಾನು ಹೇಳಿದ್ದನ್ನು ಬರಿ ಎಂದು ಬೇಡಿದ್ದ. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆ ಇಲ್ಲ. ಬರೆದದ್ದನ್ನು ಅವನು ಓದಿ ಹೇಳಿ, ಅಪ್ಪ 'ಹ್ಞೂಂ' ಅಂದ ಮೇಲೇ ಹಾಕುತ್ತಿದ್ದ. ಮಗಳಿಗೆ ತಿಳಿಯಬಾರದು ಎಂದು ಅಪ್ಪ ಇಬ್ಬರಿಂದಲೂ ಮಾತು ತಗೊಂಡಿದ್ದ.

"ಅವಳಿಗೆ ಸಂಜೆ ಒಂದು ಗಳಿಗೆ ಮುಖ ಅರಳುತ್ತೆ, ಅದನ್ನ ಕಿತ್ಕೋಬೇಡ ಅಂದಿದ್ದ ಕಣೇ."

ಅವಳು ಗೋಡೆಗೆ ಒರಗಿ ಕೂತುಬಿಟ್ಟಳು. ಮಾತು ಅಪ್ಪನದೇ… ಬೆರಳು ಮಾತ್ರ ಬೇರೆಯವರದು. ಅಳು ಬಂತು. ಎಷ್ಟೋ ದಿನದ ಮೇಲೆ, ಹಗುರವಾಗುವ ಅಳು.

ಮರುದಿನ ಅದೇ ಗಲ್ಲಾದ ಮೇಲೆ ಅದೇ ಫೋನ್ ಇಟ್ಟಳು.

"ಅತ್ತೆ ಹೇಳಿದ್ರು."

ಅವನು ಉಸಿರುಬಿಟ್ಟ, ತಲೆ ಮೇಲಿನ ಹೊರೆ ಇಳಿಸಿದವನಂತೆ.

"ಅವತ್ತು, ಅವರು ಹೋದ್ಮೇಲೆ… ಯಾಕೆ ಹೋಗಿದ್ರಿ?"

ಬಳಗದಲ್ಲಿ ಯಾರೋ ಒಬ್ಬಾಕೆ ಹೊಲಿಗೆ ತಪ್ಪುತ್ತಿದೆ ಎಂದು ಕೇಳಿದ್ದಳಂತೆ. ಎಣ್ಣೆ ಬಿಡಿ, ಆಮೇಲೆ ಸೂಜಿ ಬಿಚ್ಚಿ ಎನ್ನುವಷ್ಟರಲ್ಲಿ ಅಪ್ಪನಿಗೆ ದಣಿವಾಗಿ, ನಾಳೆ ಮುಗಿಸೋಣ ಅಂದಿದ್ದನಂತೆ. ಆ ನಾಳೆ ಬರಲಿಲ್ಲ. ಆಕೆ ಮತ್ತೆ ಮತ್ತೆ ಕೇಳುತ್ತಲೇ ಇದ್ದಳು. ಮುಗಿಸಿಬಿಡೋಣ ಎಂದು ಅಪ್ಪನ ಖಾತೆಯೊಳಗೆ ಹೋದವನಿಗೆ ಕೈ ಬರಲಿಲ್ಲ.

"ಅವರು ಹೇಳದ ಮಾತನ್ನ ಅವರ ಹೆಸರಲ್ಲಿ ಹೇಗೆ ಬರೀಲಿ?"



"ಆದ್ರೂ ಆ ಅಧಿಕಾರ ತೆಗೆದದ್ದು ಸರಿ," ಅಂದಳು. "ನೀವು ಒಳ್ಳೆಯವರು ಅಂತ ನನಗೀಗ ಗೊತ್ತು. ಗೆಳತಿಗೆ ಸಂಕಟ ಬರೆದುಕೊಂಡ ಆ ಹೆಂಗಸಿಗೆ ಹೇಗೆ ಗೊತ್ತಾಗಬೇಕು?"

"ಸರಿಯೇ. ನನಗೂ ಹಗುರಾಯ್ತು." ಆಮೇಲೆ ಅಂದ, "ಉತ್ತರ ಹೇಳೋ ನಡುವೆ ನಿಮ್ಮಪ್ಪ ನಿಮ್ಮ ಮಾತೇ ಆಡೋರು. ನನ್ನ ಮಗಳು ಸೂಜಿ ಥರ, ಚುಚ್ಚುತ್ತಾಳೆ, ಆದ್ರೆ ಹರಿದದ್ದನ್ನ ಸೇರಿಸೋದೂ ಅವಳೇ ಅಂತ. ನೋಡದೇನೇ… ನಿಮ್ಮ ಹಾದಿ ಕಾಯ್ತಿದ್ದೆ ನಾನು."

ಅವಳ ಕೆನ್ನೆ ಬಿಸಿಯಾಯಿತು. ಫೋನನ್ನು ಅವನತ್ತ ಸರಿಸಿದಳು.

"ಉತ್ತರ ನನಗೆ ಗೊತ್ತು. ನನ್ನ ಹೆಸರಲ್ಲೇ ಹಾಕೋಣ. ನನ್ನ ಪಾಸ್‌ವರ್ಡ್ ಬೇಕಾದ್ರೆ ಕೊಡ್ತೀನಿ, ನೀವೇ ಬರೀರಿ."

"ಬೇಡ. ನೀವೇ ತೆಗೀರಿ. ನನಗೆ ಪಕ್ಕದಲ್ಲಿ ಜಾಗ ಕೊಟ್ರೆ ಸಾಕು."

ಅವಳು ಕಾಲಿನಿಂದ ಪಕ್ಕದ ಸ್ಟೂಲನ್ನು ಎಳೆದಳು. ಅವನು ಗಲ್ಲಾ ದಾಟಿ ಬಂದು ಕೂತ. ಇಬ್ಬರ ಭುಜ ತಾಗಿತು, ಇಬ್ಬರೂ ಸರಿಯಲಿಲ್ಲ.

'ಸೂಜಿಯನ್ನು ಪೂರ್ತಿ ಮೇಲಕ್ಕೆ ತಳ್ಳಿ, ಆಮೇಲೆ ತಿರುಪು ಬಿಗಿ ಮಾಡಿ. ಅರ್ಧಕ್ಕೆ ನಿಂತರೆ ಹೊಲಿಗೆ ತಪ್ಪುತ್ತೆ' ಎಂದು ಬರೆದಳು. ಮತ್ತೆ ಬೆರಳು ಎತ್ತಿದಳು.

"ಇನ್ನೂ ಏನೋ ಬೇಕು ಅನಿಸ್ತಿದೆ."

"ಶುರುವಲ್ಲಿ," ಅಂದ ಅವನು. "ಮೊದಲು…"

"ಎಣ್ಣೆ ಬಿಡಿ," ಅಂದಳು ಅವಳು. ದಣಿದ ತಲೆ ತಾನಾಗಿ ಅವನ ಭುಜಕ್ಕೆ ವಾಲಿತು.