ಒಪ್ಪಿದ ಮಾತು, ಹಾಕದ ಒಪ್ಪ

ಸಿರಿವೊಳಲ್ ಪಟ್ಟಣದ ರಾಜಬೀದಿಯಲ್ಲಿ ಅಂದು ಬೆಳಗಿನಿಂದಲೇ ಸಡಗರ. ಹೂವಾಡಗಿತ್ತಿಯರು ಸೇವಂತಿಗೆಯ ಬುಟ್ಟಿಗಳನ್ನು ಅರಮನೆಯ ಮುಂದೆಯೇ ಸುರಿದಿದ್ದರು. ಮಿಂದು ಬಂದ ಪಟ್ಟದಾನೆಯ ಹಣೆಗೆ ಮಾವುತನು ಸಿಂದೂರ ಬಳಿಯುತ್ತಿದ್ದನು. ದಾಯಾದಿ ಕಲಹ ಮುಗಿಯಿತೆಂದು ವರ್ತಕರು ಕಂಡಕಂಡವರಿಗೆಲ್ಲ ಬೆಲ್ಲ ಹಂಚುತ್ತಿದ್ದರು. ಅರಮನೆಯ ಒಳಗೆ ಮಾತ್ರ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಅರಸ ರಾಚದೇವನ ಗತಿಸಿದ ಅಣ್ಣನ ಮಡದಿ ಚಿಕ್ಕಲದೇವಿ, ತನ್ನ ಎಳೆಯ ಮಗನ ಪಾಲಿಗಾಗಿ ಬೆಟ್ಟದ ಕೋಟೆಯನ್ನು ಹಿಡಿದು ಕುಳಿತಿದ್ದವಳು. ಮಂತ್ರಿ ಏಚಣ್ಣನು ನಡುವೆ ನಿಂತು ಸಂಧಿ ಮಾಡಿಸಿದ್ದನು: ಕೋಟೆ ಅರಸನಿಗೆ, ತಂದೆಯ ಸೀಮೆ ಮಗುವಿಗೆ, ತಾಯಿ ಮಗ ಇಬ್ಬರಿಗೂ ಅಭಯ. ಬೆಟ್ಟದ ಬುಡದ ಡೇರೆಯಲ್ಲಿ ಇಬ್ಬರೂ "ಒಪ್ಪಿದೆ" ಎಂದಿದ್ದರು. ಅರಸನು ತನ್ನ ಕೈಯಾರೆ ಅಂಕಿತದ ಒಪ್ಪ ಹಾಕದೆ ಬಾಗಿಲು ತೆರೆಯುವುದಿಲ್ಲವೆಂದು ಆಕೆ ಹಟ ಹಿಡಿದಾಗ ಏಚಣ್ಣನು ನಕ್ಕು, "ಒಪ್ಪಿದ ಮೇಲೆ ಒಪ್ಪ ಎಲ್ಲಿಗೆ ಹೋಗುತ್ತದೆ, ತಾಯಿ? ಶಾಸನ ಕೊರೆಸಿ ಪಟ್ಟಣದಲ್ಲಿ ಹಾಕಿಸೋಣ" ಎಂದಿದ್ದನು. ಆ ನಗುವನ್ನು ನಂಬಿ ಆಕೆ ಕೋಟೆಯಿಂದಿಳಿದಿದ್ದಳು.

ಈಗ ಸಂಧಿಯ ಶಾಸನ ಕೊರೆದ ತಾಮ್ರಪಟ ಸಭೆಯಲ್ಲಿ ಅರಸನ ಮುಂದಿತ್ತು; ಅರಸನ ಕೈ ಮುಂದೆ ಬರಲಿಲ್ಲ. ದಂಡನಾಯಕ ಕೇತಮಲ್ಲನು ಅವನ ಕಿವಿಯನ್ನು ಮೊದಲೇ ತುಂಬಿದ್ದನು.

"ಒಪ್ಪ ಬೀಳುವ ತನಕ ಸಂಧಿ ಬರೀ ಬಾಯಿಮಾತು, ಪ್ರಭು," ಎಂದನು ಕೇತಮಲ್ಲ. "ಬೆಳೆದರೆ ಸಿಂಹಾಸನ ಕೇಳುವ ಮಗು. ನಮ್ಮ ಸೆರೆಯಲ್ಲಿರಲಿ. ಬೇಕಾದರೆ ಮಂತ್ರಿಗಳನ್ನೇ ಕೇಳಿ, ಶಾಸ್ತ್ರ ಬಲ್ಲವರು."

"ಏಚಣ್ಣನವರೇ, ಅಂಕಿತವಿಲ್ಲದ ಸಂಧಿ ನಮ್ಮನ್ನು ಕಟ್ಟುತ್ತದೆಯೇ?" ಎಂದು ಅರಸನು ಕೇಳಿದನು.

ಏಚಣ್ಣನಿಗೆ ಶಾಸ್ತ್ರ ಗೊತ್ತಿತ್ತು. ಗೊತ್ತಿದ್ದೂ ಅಂದು ನಕ್ಕಿದ್ದನು.

"ಇಲ್ಲ, ಪ್ರಭು."

ಸಭೆಯ ನಡುವೆ ನಿಂತು ಎಲ್ಲವನ್ನೂ ಕೇಳುತ್ತಿದ್ದ ಚಿಕ್ಕಲದೇವಿ ಮಗನನ್ನು ಹತ್ತಿರಕ್ಕೆಳೆದುಕೊಂಡಳು. "ನಮ್ಮ ಕಡೆ ಎಮ್ಮೆ ಮಾರುವವನೂ ಹಗ್ಗ ಕೈಗೆ ಕೊಟ್ಟ ಮೇಲೆ ಮಾತು ತಿರುಗಿಸುವುದಿಲ್ಲ, ಮಂತ್ರಿಗಳೇ. ನೀವು ಓದಿದವರು, ನಿಮಗೆ ಅದೂ ಬರುತ್ತದೆ."

ಏಚಣ್ಣನು ತಲೆ ತಗ್ಗಿಸಿ ಆ ಮಾತನ್ನು ನುಂಗಿದನು. ಬಳಿಕ ಅರಸನ ಕಡೆ ತಿರುಗಿದನು. "ನಮ್ಮನ್ನು ಕಟ್ಟದ ಸಂಧಿ ಅವರನ್ನೂ ಕಟ್ಟದು, ಪ್ರಭು. ಸಂಧಿಯಿಲ್ಲವೆಂದರೆ ಕೋಟೆ ಅವರದು. ಬೀಗದ ಕೈ ಮರಳಿಸಿ, ತಾಯಿ ಮಗ ಇಬ್ಬರನ್ನೂ ಬೆಟ್ಟದ ಮೇಲೆ ಬಿಟ್ಟುಬನ್ನಿ. ಆಮೇಲೆ ಯುದ್ಧ ಹೂಡಿರಿ."

ಕೇತಮಲ್ಲನು ನಕ್ಕನು. "ಕೈಗೆ ಬಂದ ಕೋಟೆಯನ್ನು ಯಾರು ಮರಳಿಸುತ್ತಾರೆ, ಸ್ವಾಮಿ?"

"ಅವರು ಕೊಟ್ಟದ್ದು ನಮ್ಮಲ್ಲೇ ಇರಬೇಕು, ನಾವು ಕೊಡಬೇಕಾದದ್ದು ಕೊಡಬಾರದು. ಇದಕ್ಕೆ ಶಾಸ್ತ್ರದಲ್ಲಿ ಹೆಸರಿಲ್ಲ, ದಂಡನಾಯಕರೇ. ಸಂತೆಯಲ್ಲಿ ಇದೆ. ಕಳ್ಳತನ ಎನ್ನುತ್ತಾರೆ."

ಏಚಣ್ಣನು ಮಂತ್ರಿಪದವಿಯ ಮುದ್ರೆಯುಂಗುರವನ್ನು ಕಳಚಿ ತಾಮ್ರಪಟದ ಪಕ್ಕದಲ್ಲಿಟ್ಟನು. "ಮಗುವನ್ನು ಸೆರೆಗೆ ಹಾಕುವುದಾದರೆ ಮೊದಲು ನನ್ನನ್ನು ಹಾಕಿರಿ. ಬಾಗಿಲು ತೆರೆಸಿದವನು ನಾನು."

ರಾಚದೇವನು ಉಂಗುರವನ್ನು ನೋಡಿದನು. ಅಣ್ಣನ ಮಗನ ಕಡೆ ನೋಡಲು ಅವನಿಗೆ ಮುಖವಿರಲಿಲ್ಲ. ಕಡೆಗೆ ಉಳಿ ತೆಗೆದುಕೊಂಡು ತಾಮ್ರಪಟದ ಮೇಲೆ ಒಪ್ಪ ಹಾಕಿದನು.

ಏಚಣ್ಣನು ಎರಡು ಕೈಯಲ್ಲೂ ಹಿಡಿದು ಕೊಟ್ಟ ತಾಮ್ರಪಟವನ್ನು ಚಿಕ್ಕಲದೇವಿ ಸೆರಗಿನಲ್ಲಿ ಸುತ್ತಿಕೊಂಡಳು. ಉಂಗುರ ಇಟ್ಟಲ್ಲೇ ಇತ್ತು. ಅವನು ಅದನ್ನು ಮತ್ತೆ ಮುಟ್ಟಲಿಲ್ಲ.

ಸಭಾಮಂಟಪದ ಬಾಗಿಲಲ್ಲಿ ಮಗು ನಿಂತು ಕೇಳಿತು: "ಅವ್ವಾ, ಹೊರಡುವಾಗ ದೊಡ್ಡವರಿಗೆ ನಮಸ್ಕಾರ ಮಾಡಬೇಕಲ್ಲ. ಯಾರಿಗೆ ಮಾಡಲಿ?"

ಆಕೆ ಹಿಂತಿರುಗಿ ಅರಸನನ್ನು ನೋಡಿದಳು, ಮಂತ್ರಿಯನ್ನೂ ನೋಡಿದಳು. ಇಬ್ಬರೂ ನೆಲ ನೋಡುತ್ತಿದ್ದರು.

"ಹೊಸಿಲಿಗೆ ಮಾಡು, ಮಗನೇ," ಎಂದಳು. "ಅದಾದರೂ ನಮ್ಮನ್ನು ಹೊರಗೆ ಬಿಡುತ್ತಿದೆ."